ಅಣ್ಣಿಗೇರಿಯ ಲೇತ್, ಶಾಫ್ಟ್ ಡ್ರೈವ್‌ನ ಬೈಕು

ಟ್ರ್ಯಾಕ್ಟರ್‌ನ ಬೆನ್ನಿಗೆ, ಎರಡು ದೊಡ್ಡ ಗಾಲಿಗಳ ನಡುವೆ, ಆರು ಗೀರಿನ ಗಿಡ್ಡ ಶಾಫ್ಟ್ ಒಂದು ಹೊರಗೆ ಚಾಚಿಕೊಂಡಿರುತ್ತದೆ. ದಪ್ಪ ಸುಮಾರು 35 ಮಿ.ಮೀ. ಧಾರವಾಡ ಜಿಲ್ಲೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಅದರ ಹೆಸರು ‘ಪಿಟಿಓ’. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಅದಕ್ಕೆ ಎರಡು ಕ್ರಾಸ್ (ಕೋನದಲ್ಲಿ ಬಾಗಿದರೂ ತಿರುವು ದಾಟಿಸುವ ಕೀಲು) ಮತ್ತು ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಶಾಫ್ಟ್ ಸಿಕ್ಕಿಸಿದರೆ ರೋಟವೇಟರ್ ನೆಲ ಬಗೆಯುತ್ತದೆ, ರಾಶಿ ಮಷಿನ್ ಕಡಲೆ ಬಡಿಯುತ್ತದೆ. 35 ಅಶ್ವಶಕ್ತಿ ಪೂರ್ತಿ ಹರಿದಾಗ ಆ ಶಾಫ್ಟ್ ಹೊರುವ ತಿರುಚುಬಲ 460 ನ್ಯೂಟನ್ ಮೀಟರ್ ಆಸುಪಾಸು. ಹಳ್ಳದಲ್ಲಿ ಇಳಿದರೂ ದಿಬ್ಬ ಏರಿದರೂ ತಿರುಗುತ್ತಲೇ ಇರುತ್ತದೆ.

ಮೋಟಾರ್‌ಸೈಕಲ್ಲಿನ ಶಾಫ್ಟ್ ಡ್ರೈವ್ ಎಂದರೆ ಇದೇ ವ್ಯವಸ್ಥೆ, ಅಳತೆ ಮಾತ್ರ ಚಿಕ್ಕದು. ಚೈನ್ ತೆಗೆದುಹಾಕಿ, ಗೇರ್‌ಬಾಕ್ಸ್‌ನಿಂದ ಹಿಂದಿನ ಗಾಲಿಯವರೆಗೆ ಶಾಫ್ಟ್ ಓಡಿಸಿ, ಗಾಲಿಯ ಬಳಿ ಕ್ರೌನ್-ಪಿನಿಯನ್ ಮೂಲಕ ತಿರುವನ್ನು 90 ಡಿಗ್ರಿ ಹೊರಳಿಸುವುದು. ಇಂಥ ಬೈಕನ್ನು ಸ್ವಂತ ಕೈಯಿಂದ ಕಟ್ಟಬೇಕು ಎಂಬ ಹಂಬಲ ಇರುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಅವರಲ್ಲಿ ಹೆಚ್ಚಿನವರು ಎಂಜಿನ್ ಹುಡುಕುವುದರಲ್ಲಿ ವರ್ಷ ಕಳೆಯುತ್ತಾರೆ. ನಿಜವಾದ ತೊಡಕು ಎಂಜಿನ್ ಅಲ್ಲ. ಒಂದು ಕಂಪನಿಯ ಎಂಜಿನ್ನಿಗೂ ಇನ್ನೊಂದು ಕಂಪನಿಯ ಗಾಲಿಗೂ ನಡುವೆ ಕೂಡುವ ಫ್ಲಾಂಜ್, ಕಪ್ಲಿಂಗ್, ಬುಷ್, ತೋಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ‘ಇದು ಸಿಗಂಗಿಲ್ರೀ, ಮಾಡಿಸಬೇಕು’ ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಸಿಗದ್ದನ್ನು ಮಾಡಿಕೊಳ್ಳುವ ವಿದ್ಯೆಯಲ್ಲಿ ಈ ಎರೆಮಣ್ಣಿನ ಸೀಮೆ ಹಿಂದೆ ಬಿದ್ದದ್ದಿಲ್ಲ.

ಅದಕ್ಕೆ ಸಾಕ್ಷಿ ಬೇಕಿದ್ದರೆ ಅಣ್ಣಿಗೇರಿಗೆ ಹೋಗಬೇಕು. ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ದೇಶ ಒಮ್ಮೆ ಈ ಊರಿನತ್ತ ತಿರುಗಿ ನೋಡಿತು. ಅದಕ್ಕೂ ಮುಂಚೆ, 2015ರಲ್ಲಿ, ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಅವರಿಗೆ ಜೀವಮಾನ ಸಾಧನೆಯ ಗೌರವ ನೀಡಿತ್ತು. ಹುಡುಗನಿದ್ದಾಗ ಬೆಳಿಗ್ಗೆ ಏಳಲಾಗದೆ, ಗಡಿಯಾರದ ಕೀಲಿಗೆ ದಾರ ಕಟ್ಟಿ, ಅಲಾರಾಂ ಹೊಡೆದಾಗ ದಾರ ಸುತ್ತಿಕೊಂಡು ನೀರಿನ ಬಾಟಲಿ ಮುಖದ ಮೇಲೆ ಮಗುಚುವಂತೆ ಮಾಡಿಕೊಂಡ ಕತೆ ಎಲ್ಲರಿಗೂ ಗೊತ್ತು. ಆ ಕತೆಗಿಂತ ಅವರ ಯಂತ್ರಗಳ ಪಟ್ಟಿಯೇ ಹೆಚ್ಚು ಹೇಳುತ್ತದೆ: ಹುಣಸೆ ಬೀಜ ಬಿಡಿಸುವ ಯಂತ್ರ, ನೇಗಿಲ ಬ್ಲೇಡ್ ತಯಾರಿಸುವ ಯಂತ್ರ, ಕಬ್ಬು ನಾಟಿಯ ಕೂರಿಗೆ, ನೀರು ಕಾಯಿಸುವ ಬಾಯ್ಲರ್, ಎಲ್ಲಕ್ಕಿಂತ ಹೆಸರಾದ ಬೀಜ-ಗೊಬ್ಬರದ ಕೂರಿಗೆ. ಮಳೆ ಕೈಕೊಡುವ ನೆಲದಲ್ಲಿ ಹುಣಸೆ ಬೆಳೆದು, ಬೀಜ ಬಿಡಿಸಲು ಆಳು ಸಾಲದಾದಾಗ ಅಂಥ ಯಂತ್ರ ಪೇಟೆಯಲ್ಲಿ ಇರಲಿಲ್ಲ. ಯಂತ್ರವೇ ಇಲ್ಲದ ಮೇಲೆ ಅದರ ಬಿಡಿಭಾಗ ಎಲ್ಲಿಂದ ಬರಬೇಕು? ಪ್ರತಿಯೊಂದನ್ನೂ ಅಳತೆ ಹಿಡಿದು, ಕತ್ತರಿಸಿ, ಕೂಡಿಸಿ, ತಪ್ಪಿದರೆ ಬಿಚ್ಚಿ ಮತ್ತೆ ಮಾಡಬೇಕು.

ಟ್ರ್ಯಾಕ್ಟರ್ ಕೂರಿಗೆಯನ್ನು ಒಮ್ಮೆ ಮೆಕ್ಯಾನಿಕ್‌ನ ಕಣ್ಣಿನಿಂದ ನೋಡಬೇಕು. ನೆಲಕ್ಕೆ ತಾಗಿ ಉರುಳುವ ಗಾಲಿ, ಅದರಿಂದ ಚೈನ್, ಚೈನಿನಿಂದ ಬೀಜದ ಪೆಟ್ಟಿಗೆಯೊಳಗಿನ ರೋಲರ್. ಟ್ರ್ಯಾಕ್ಟರ್ ಜೋರಾಗಿ ಓಡಲಿ, ನಿಧಾನ ಹೋಗಲಿ, ಒಂದು ಮಾರು ನೆಲಕ್ಕೆ ಬೀಳುವ ಬೀಜ ಅಷ್ಟೇ. ಹಿಂಗಾರಿ ಜೋಳಕ್ಕೆ ಸಾಲಿನ ಅಂತರ 45 ಸೆಂ.ಮೀ., ಕಡಲೆಗೆ 30. ಅದಕ್ಕೆ ತಕ್ಕಂತೆ ತಾಳುಗಳನ್ನು ಸರಿಸಿ ಬಿಗಿಯಬೇಕು. ಹತ್ತಾರು ಬೆಳೆ, ಬೇರೆ ಬೇರೆ ಮಣ್ಣು, ಬೇರೆ ಬೇರೆ ಟ್ರ್ಯಾಕ್ಟರ್. ಹಾಗಾಗಿ ಇಲ್ಲಿನ ಫ್ಯಾಬ್ರಿಕೇಶನ್ ಅಂಗಡಿಯವರಿಗೆ ‘ನಿಮ್ಮ ಟ್ರ್ಯಾಕ್ಟರಿಗೆ ಇದು ಕೂಡೋ ಹಂಗ ಮಾಡಿಕೊಡ್ರಿ’ ಎಂಬುದು ದಿನನಿತ್ಯದ ಬೇಡಿಕೆ. ಶಾಫ್ಟ್ ಬೈಕ್ ಕಟ್ಟುವವನ ಬೇಡಿಕೆಯೂ ಅಷ್ಟೇ.

ಈ ಭಾಗದ ಕಬ್ಬಿಣದ ನಂಟು ಇನ್ನೂ ಹಿಂದಿನದು. ಇಲ್ಲಿಗೆ ದೂರವಲ್ಲದ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. 1903ರಲ್ಲಿ ಕಬ್ಬಿಣದ ನೇಗಿಲು ತಂದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಹುಬ್ಬಳ್ಳಿಯಲ್ಲಿ 1880ರ ದಶಕದಿಂದ ರೈಲ್ವೆ ಕಾರ್ಯಾಗಾರವಿದೆ. ಆಮೇಲೆ ವಾಲ್ವ್ ತಯಾರಿಸುವ ಕಾರ್ಖಾನೆಗಳು ಬಂದವು. ಕಬ್ಬಿಣ ತಿರುಗಿಸುವ, ಬೆಸೆಯುವ ಕೈಗಳಿಗೆ ಈ ಕಡೆ ಬರವಿಲ್ಲ.

ಬೈಕಿನ ಲೋಕದಲ್ಲಿ ಶಾಫ್ಟ್ ಡ್ರೈವ್ ಹೊಸದೇನಲ್ಲ. ಬೆಲ್ಜಿಯಂನ ಎಫ್‌ಎನ್ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲೇ ನಾಲ್ಕು ಸಿಲಿಂಡರಿನ ಶಾಫ್ಟ್ ಬೈಕ್ ಮಾರುತ್ತಿತ್ತು. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ವಿನ್ಯಾಸ ಮಾಡಿದ ಬಿಎಂಡಬ್ಲ್ಯು ಆರ್32 ಅದನ್ನು ಒಂದು ಪರಂಪರೆಯಾಗಿ ಮಾಡಿತು. ಈ ಎರಡರಲ್ಲೂ ಒಂದು ಜಾಣತನವಿದೆ. ಎಂಜಿನ್ನಿನ ಕ್ರ್ಯಾಂಕ್ ಬೈಕಿನ ಉದ್ದಕ್ಕೆ ಮಲಗಿದೆ. ಹೀಗಾಗಿ ಶಾಫ್ಟ್ ನೇರ ಹಿಂದಕ್ಕೆ ಹೋಗುತ್ತದೆ, ಗಾಲಿಯ ಬಳಿ ಒಂದೇ ಒಂದು ಸಲ ತಿರುವು ಹೊರಳಿದರೆ ಸಾಕು. ನಮ್ಮ ಬುಲೆಟ್, ಯೆಜ್ಡಿ, ಸ್ಪ್ಲೆಂಡರ್ ಎಲ್ಲವುಗಳ ಕ್ರ್ಯಾಂಕ್ ಅಡ್ಡಕ್ಕೆ ಇದೆ. ಅವುಗಳಿಗೆ ಶಾಫ್ಟ್ ಹಾಕಬೇಕೆಂದರೆ ಗೇರ್‌ಬಾಕ್ಸ್ ಬಾಯಲ್ಲಿ ಒಂದು, ಗಾಲಿಯ ಬಳಿ ಇನ್ನೊಂದು, ಹೀಗೆ ಎರಡು ಜೊತೆ ಬೆವೆಲ್ ಗೇರ್ ಬೇಕು. ತೂಕ ಎರಡು ಪಟ್ಟು, ಶಕ್ತಿ ಸೋರಿಕೆಯೂ ಎರಡು ಕಡೆ. ಬುಲೆಟ್‌ಗೆ ಶಾಫ್ಟ್ ಹಾಕುವ ಯೋಚನೆ ಕೇಳಲು ಚೆಂದ, ಕಟ್ಟಲು ಕೂತರೆ ದಂಡ.

ಉದ್ದಕ್ಕೆ ಮಲಗಿದ ಎಂಜಿನ್ ಗುಜರಿಯಲ್ಲಿ ಸಿಗುತ್ತದೆ, ಅದೂ ಅಗ್ಗಕ್ಕೆ. 1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿ ವ್ಯಾನಿನದು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ಅದರ ಹಿಂದೆಯೇ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಶಿಯಲ್. ಶಾಫ್ಟ್ ಬೈಕಿಗೆ ಬೇಕಾದ ಎಲ್ಲ ಅಂಗಗಳೂ ಒಂದೇ ವಾಹನದಲ್ಲಿ. ಆದರೆ ಬೈಕಿಗೆ ಇರುವುದು ಹಿಂದೆ ಒಂದೇ ಗಾಲಿ. ಡಿಫರೆನ್ಶಿಯಲ್ ಒಳಗಿರುವ ಚಿಕ್ಕ ಗೇರುಗಳನ್ನು ತಿರುಗದಂತೆ ಬೆಸೆದು, ಒಂದು ಬದಿಯ ಆಕ್ಸಲ್ ಕೊಳವೆ ಕತ್ತರಿಸಿ ಮುಚ್ಚಿ, ಇನ್ನೊಂದು ಬದಿಗೆ ಗಾಲಿ ಕೂಡಿಸಬೇಕು. ಓಮ್ನಿಯ ರಿಮ್ 12 ಇಂಚಿನದು. ಅಲ್ಲಿ ಬುಲೆಟ್‌ನ 19 ಇಂಚಿನ ಗಾಲಿ ಕೂರಿಸಿದರೆ ಪ್ರತಿ ಸುತ್ತಿಗೆ ಐದನೇ ಒಂದು ಭಾಗಕ್ಕೂ ಹೆಚ್ಚು ದೂರ ಹೋಗುತ್ತದೆ. ಕ್ಲಚ್ ಬಿಡುವಾಗ ಎಳೆತ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು.

ಇಲ್ಲೊಂದು ತಮಾಷೆಯ ಬಲೆಯಿದೆ. ಚೌಕಟ್ಟಿಗೆ ಅಡ್ಡಬರುತ್ತದೆಂದು ಡಿಫರೆನ್ಶಿಯಲ್ ಡಬ್ಬಿಯನ್ನು ಮಗುಚಿ, ಮೇಲಿನದು ಕೆಳಗೆ ಮಾಡಿ ಕೂರಿಸಿದರೆ, ಕ್ರೌನ್ ಚಕ್ರ ಪಿನಿಯನ್ನಿನ ಎಡಬದಿಯಿಂದ ಬಲಬದಿಗೆ ಹೋಗುತ್ತದೆ. ಪಿನಿಯನ್ ಮೊದಲಿನ ದಿಕ್ಕಿಗೇ ತಿರುಗುತ್ತದೆ, ಗಾಲಿ ಮಾತ್ರ ಉಲ್ಟಾ. ಮುಂದಕ್ಕೆ ಹೋಗಲು ಒಂದೇ ಗೇರು, ಹಿಂದಕ್ಕೆ ಹೋಗಲು ನಾಲ್ಕು. ವೆಲ್ಡಿಂಗ್ ರಾಡ್ ಹಿಡಿಯುವ ಮುಂಚೆ ಪಿನಿಯನ್ನನ್ನು ಕೈಯಿಂದ ತಿರುಗಿಸಿ ಗಾಲಿ ಎತ್ತ ಹೊರಳುತ್ತದೆ ಎಂದು ನೋಡಿಕೊಂಡರೆ ಈ ಪೇಚು ತಪ್ಪುತ್ತದೆ.

ಕ್ರಾಸ್ ಜಾಯಿಂಟಿನ ಗಣಿತ ಇದಕ್ಕಿಂತ ಸೂಕ್ಷ್ಮ. ಎರಡು ಶಾಫ್ಟ್‌ಗಳು ನೇರ ಸಾಲಿನಲ್ಲಿಲ್ಲದೆ ಕೋನದಲ್ಲಿ ಕೂಡಿದಾಗ, ಒಂದು ಕಡೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಇನ್ನೊಂದು ಕಡೆಯದು ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಕೋನ 10 ಡಿಗ್ರಿ ಇದ್ದರೆ ಏರಿಳಿತ ಶೇ 1.5ರಷ್ಟು, ಗೊತ್ತಾಗುವುದಿಲ್ಲ. 30 ಡಿಗ್ರಿಗೆ ಹೋದರೆ ಒಂದು ಕಡೆ ಶೇ 15ರಷ್ಟು ಹೆಚ್ಚು, ಇನ್ನೊಂದು ಕಡೆ ಶೇ 13ರಷ್ಟು ಕಡಿಮೆ. ಆಗ ಬೈಕು ನಡುಗುತ್ತದೆ, ಬೇರಿಂಗ್ ಕೂಗುತ್ತದೆ. ಇದಕ್ಕೆ ಮದ್ದು ಎರಡನೇ ಕ್ರಾಸ್. ಎರಡೂ ತುದಿಯ ಕೋನ ಸಮನಾಗಿದ್ದು, ನಡುವಿನ ಶಾಫ್ಟ್‌ನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕಿವಿಗಳು ಒಂದೇ ಸಾಲಿನಲ್ಲಿದ್ದರೆ, ಮೊದಲ ಕ್ರಾಸ್ ಮಾಡಿದ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತದೆ. ಕಿವಿಗಳು ಒಂದಕ್ಕೊಂದು 90 ಡಿಗ್ರಿ ತಿರುಗಿ ಕೂತರೆ ಏರುಪೇರು ಅಳಿಯುವ ಬದಲು ಕೂಡಿಕೊಳ್ಳುತ್ತದೆ. ಶಾಫ್ಟ್ ಮೇಲೆ ಕಂಪನಿಯವರು ಬಾಣದ ಗುರುತು ಹೊಡೆದಿರುವುದು ಇದೇ ಕಾರಣಕ್ಕೆ. ಆ ಗುರುತಿನ ಮೇಲೆ ಗ್ರೀಸು, ಮಣ್ಣು ಮೆತ್ತಿ ಕಾಣದಾದಾಗ ರಿಪೇರಿಗೆ ಬಿಚ್ಚಿದವರು ಕೈಗೆ ಬಂದಂತೆ ಸಿಕ್ಕಿಸುತ್ತಾರೆ. ಮರುದಿನದಿಂದ ರೋಟವೇಟರ್ ಗಡಗಡ ಅನ್ನುತ್ತದೆ.

ಬೈಕಿನಲ್ಲಿ ಎರಡು ಕ್ರಾಸ್‌ಗೆ ಜಾಗ ಸಿಗುವುದು ಕಷ್ಟ. ಒಂದೇ ಕ್ರಾಸ್ ಹಾಕುವುದಾದರೆ ಅದರ ನಡುಬಿಂದು ಹಿಂದಿನ ತೋಳು ಮೇಲೆ ಕೆಳಗೆ ಆಡುವ ಕೀಲಿನ ಗೆರೆಯ ಮೇಲೇ ಇರಬೇಕು. ಅರ್ಧ ಇಂಚು ಆಚೀಚೆ ಆದರೂ ಗಾಲಿ ಆಡಿದಾಗಲೆಲ್ಲ ಶಾಫ್ಟ್ ಉದ್ದ ಹೆಚ್ಚುಕಡಿಮೆ ಆಗಬೇಕಾಗುತ್ತದೆ. ಅದಕ್ಕೆ ಜಾರುವ ಗೀರಿನ ಜೋಡಣೆ ಬೇಕು, ಜಾರದಿದ್ದರೆ ಬೇರಿಂಗ್ ಒಡೆಯುತ್ತದೆ. 1923ರ ಆರ್32ಗೆ ಈ ತಲೆನೋವೇ ಇರಲಿಲ್ಲ, ಏಕೆಂದರೆ ಅದಕ್ಕೆ ಹಿಂದೆ ಸಸ್ಪೆನ್ಶನ್ ಇರಲಿಲ್ಲ. ಬಾಗುವ ಒಂದು ಕಪ್ಲಿಂಗ್‌ನಲ್ಲೇ ಕೆಲಸ ಮುಗಿದಿತ್ತು. ಮೊದಲ ಬಾರಿ ಕಟ್ಟುವವರು ಹಿಂಬದಿ ಆಡದ ಗಟ್ಟಿ ಚೌಕಟ್ಟು ಮಾಡಿ, ಸ್ಪ್ರಿಂಗ್ ಇರುವ ಸೀಟು ಹಾಕಿಕೊಂಡರೆ ಅರ್ಧ ಕಷ್ಟ ಕಳೆಯಿತು. ಆಡುವ ತೋಳೇ ಬೇಕೆಂದರೆ ಇನ್ನೊಂದು ತೊಂದರೆಗೂ ಸಿದ್ಧವಾಗಿರಬೇಕು. ಎಕ್ಸಲರೇಟರ್ ತಿರುವಿದಾಗ ಪಿನಿಯನ್ ಕ್ರೌನ್ ಮೇಲೆ ಹತ್ತಲು ನೋಡುತ್ತದೆ, ಸೀಟು ಮೇಲೇಳುತ್ತದೆ, ಬಿಟ್ಟಾಗ ಕುಸಿಯುತ್ತದೆ. ಬಿಎಂಡಬ್ಲ್ಯು ಇದಕ್ಕೆ ಸಮಾನಾಂತರ ತೋಳಿನ ‘ಪ್ಯಾರಾಲಿವರ್’ ಪರಿಹಾರ ತಂದದ್ದು 1987ರಲ್ಲಿ, ಶಾಫ್ಟ್ ಬೈಕ್ ಮಾಡತೊಡಗಿ ಆರು ದಶಕ ಕಳೆದ ಮೇಲೆ.

ಈಗ ಲೇತ್ ಬಳಿ ನಿಲ್ಲೋಣ. ಓಮ್ನಿಯ ಪ್ರೊಪೆಲ್ಲರ್ ಶಾಫ್ಟ್ ಬೈಕಿಗೆ ಉದ್ದವಾಗುತ್ತದೆ, ಗಿಡ್ಡ ಮಾಡಬೇಕು. ನಡುವೆ ಕತ್ತರಿಸಿ, ಎರಡು ತುಂಡು ಹಿಡಿದು ಬೆಸೆದರೆ ಮುಗಿಯಿತು ಎಂದುಕೊಂಡವರ ಶಾಫ್ಟ್ ಮೊದಲ ಓಟದಲ್ಲೇ ನಡುಗುತ್ತದೆ. ಬಲ್ಲ ಟರ್ನರ್ ಮಾಡುವುದೇ ಬೇರೆ. ಅವನು ಕೊಳವೆಯನ್ನು ಕಿವಿಯ ಹತ್ತಿರದ ವೆಲ್ಡಿಂಗ್ ಗೆರೆಯಲ್ಲೇ ಲೇತಿಗೆ ಹಾಕಿ ಕತ್ತರಿಸುತ್ತಾನೆ. ಕಿವಿಯ ತುಂಡಿನ ಬುಡ ಕೊಳವೆಯೊಳಗೆ ಸುತ್ತಿಗೆ ಏಟಿಗಷ್ಟೇ ಇಳಿಯುವಷ್ಟು ಬಿಗಿಯಾಗುವಂತೆ ಸವರುತ್ತಾನೆ. ಆಚೆ ತುದಿಯ ಕಿವಿಯ ಸಾಲಿಗೆ ಈ ಕಿವಿಯನ್ನು ಹೊಂದಿಸಿ, ಎದುರುಬದುರಾಗಿ ನಾಲ್ಕು ಕಡೆ ಚುಕ್ಕಿ ವೆಲ್ಡಿಂಗ್ ಹಾಕುತ್ತಾನೆ. ಡಯಲ್ ಗೇಜ್ ತಾಗಿಸಿ ಶಾಫ್ಟನ್ನು ಕೈಯಿಂದ ಸುತ್ತಿಸುತ್ತಾನೆ. ಮುಳ್ಳು ಎತ್ತ ಹೆಚ್ಚು ಆಡುತ್ತದೋ ಆ ಕಡೆ ಮೆಲ್ಲಗೆ ಬಡಿದು ಸರಿಮಾಡಿ, ಆಮೇಲೆ ಪೂರ್ತಿ ವೆಲ್ಡಿಂಗ್. ಅದೂ ಒಂದೇ ಉಸಿರಿಗೆ ಸುತ್ತಲೂ ಅಲ್ಲ. ಇಲ್ಲಿ ಒಂದು ಇಂಚು, ನೇರ ಎದುರಿಗೆ ಒಂದು ಇಂಚು. ವೆಲ್ಡಿಂಗ್ ಆರುವಾಗ ಲೋಹ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಎದುರಿನದು ಆ ಎಳೆತವನ್ನು ತೂಗುತ್ತದೆ. ಮುಗಿದ ಮೇಲೆ ಮತ್ತೆ ಡಯಲ್.

ದಪ್ಪದ ವಿಷಯದಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಓಮ್ನಿ ಎಂಜಿನ್ನಿನ ಬಲ ಸುಮಾರು 60 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ ಅದು ಮೂರೂವರೆ ಪಟ್ಟಿನಷ್ಟಾಗಿ ಶಾಫ್ಟ್ ಮೇಲೆ 200 ದಾಟುತ್ತದೆ. ಗಟ್ಟಿ ಶಾಫ್ಟ್‌ನಲ್ಲಿ ತಿರುಚುವ ಒತ್ತಡ ವ್ಯಾಸದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. 25 ಮಿ.ಮೀ. ಇದ್ದದ್ದನ್ನು ‘ಇಷ್ಟಕ್ಕೇನಾಗ್ತದ’ ಎಂದು 20ಕ್ಕೆ ಇಳಿಸಿದರೆ ಒತ್ತಡ ಹೆಚ್ಚುಕಡಿಮೆ ದುಪ್ಪಟ್ಟು. ಕೀಲಿಗಾಗಿ ಕೊರೆದ ತೋಡಿನ ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಆದ್ದರಿಂದ ಮೂಲೆಯನ್ನು ದುಂಡಗೆ ಬಿಡಬೇಕು.

ಲೋಹದ ಆಯ್ಕೆಯಲ್ಲಿ ಹಳ್ಳಿಯ ಅಂಗಡಿಯ ಮಿತಿ ಕಾಣುತ್ತದೆ. ಕೂರಿಗೆಗೆ ಸಾಕಾಗುವ ಎಂ.ಎಸ್. (ಮೆದು ಉಕ್ಕು) ಸರಳು ಶಾಫ್ಟ್‌ಗೆ ಸಾಲದು. ಫ್ಲಾಂಜ್, ಕಪ್ಲಿಂಗ್‌ಗೆ ಶೇ 0.4ರಷ್ಟು ಇಂಗಾಲದ ಇಎನ್-8 ಉಕ್ಕು ನಡೆಯುತ್ತದೆ. ಶಾಫ್ಟ್‌ಗೆ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಇಎನ್-24 ಒಳ್ಳೆಯದು. ಗೇರುಗಳಿಗೆ ಇಎನ್-353ರಂಥ ಉಕ್ಕು ಬೇಕು. ಮೈಮೇಲಿನ ಒಂದು ಪದರ ಮಾತ್ರ ಇಂಗಾಲ ಕುಡಿದು ಗಡುಸಾಗಿ, ಒಳಗೆ ಮೆತ್ತಗಿರಬೇಕು. ಪೂರ್ತಿ ಗಡುಸಾದರೆ ಹಲ್ಲು ಗಾಜಿನಂತೆ ಒಡೆಯುತ್ತದೆ, ಪೂರ್ತಿ ಮೆತ್ತಗಾದರೆ ಸವೆಯುತ್ತದೆ. ಇದಕ್ಕೆ ಉಷ್ಣ ಹಿಡಿತದಲ್ಲಿಡುವ ಕುಲುಮೆ ಬೇಕು. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುವ ಕಮ್ಮಾರಸಾಲೆಯ ವಿದ್ಯೆ ಕುಡಗೋಲಿಗೆ ಸರಿ, ಪಿನಿಯನ್ನಿಗೆ ಅಲ್ಲ. ಹುಬ್ಬಳ್ಳಿಯ ಕೈಗಾರಿಕಾ ವಸಾಹತುಗಳತ್ತ ಹೋಗಬೇಕಾಗುವುದು ಇಂಥ ಕೆಲಸಕ್ಕೆ. ಕ್ರೌನ್-ಪಿನಿಯನ್ನನ್ನು ಮಾತ್ರ ಅಲ್ಲಿಯೂ ಕೊರೆಸಲು ಹೋಗದಿರುವುದು ಜಾಣತನ. ಜೊತೆಯಾಗಿ ಬಂದದ್ದನ್ನು ಜೊತೆಯಾಗಿಯೇ ಕೊಳ್ಳಬೇಕು. ಕೂರಿಸುವಾಗ ಹಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿದರೆ ಹಲ್ಲು ಎಲ್ಲಿ ತಾಗುತ್ತದೆ ಎಂಬುದು ಅಚ್ಚಾಗಿ ಕಾಣುತ್ತದೆ. ಗುರುತು ನಡುವೆ ಬರುವ ತನಕ ತೆಳು ತಗಡಿನ ಶಿಮ್ ತೆಗೆದು, ಶಿಮ್ ಹಾಕಿ ನೋಡುವುದು ತಾಳ್ಮೆಯ ಕೆಲಸ. ಇಷ್ಟಾದ ಮೇಲೆ 90ರ ಗೇರ್ ಎಣ್ಣೆ ತುಂಬಿ, ಸೀಲ್ ಸೋರದಂತೆ ನೋಡಿಕೊಂಡರೆ ಆ ಡಬ್ಬಿ ವರ್ಷಗಟ್ಟಲೆ ಮಾತಾಡುವುದಿಲ್ಲ.

ಇಷ್ಟೆಲ್ಲ ಯಾಕೆ, ಚೈನ್ ಸಾಲದೇ? ಡಾಂಬರು ರಸ್ತೆಗೆ ಸಾಕು. ಚೈನ್ ಹಗುರ, ಅಗ್ಗ, ಶಕ್ತಿ ನಷ್ಟವೂ ಕಡಿಮೆ. ಆದರೆ ಮಳೆ ಬಿದ್ದ ಎರೆ ಹೊಲದಲ್ಲಿ ಬೈಕ್ ಇಳಿಸಿದವರಿಗೆ ಗೊತ್ತು, ಮಣ್ಣು ಮಡ್‌ಗಾರ್ಡ್ ತುಂಬಿ ಗಾಲಿಯನ್ನೇ ಹಿಡಿಯುತ್ತದೆ, ಎಣ್ಣೆ ಸವರಿದ ಚೈನಿಗೆ ಮೆತ್ತಿ ಅದನ್ನು ಅರೆಯುತ್ತದೆ. ಎತ್ತು ಸಾಕಲಾಗದವರು ಬೈಕಿಗೆ ಎಡೆಕುಂಟೆ ಕಟ್ಟಿ ಹತ್ತಿ, ಮೆಣಸಿನಕಾಯಿ ಸಾಲುಗಳ ನಡುವೆ ಓಡಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಇದರ ದೊಡ್ಡಣ್ಣ ಗುಜರಾತಿನಲ್ಲಿದೆ. ಅಮ್ರೇಲಿ ಜಿಲ್ಲೆಯ ಮನ್‌ಸುಖಭಾಯಿ ಜಗಾನಿ 1994ರಲ್ಲಿ ಬುಲೆಟ್‌ನ ಹಿಂದಿನ ಗಾಲಿ ತೆಗೆದು, ಅಲ್ಲಿ ಎರಡು ಗಾಲಿ ಮತ್ತು ಕುಂಟೆ ಕಟ್ಟುವ ದಿಂಡಿನ ಜೋಡಣೆ ಕೂರಿಸಿ ‘ಬುಲೆಟ್ ಸಾಂತಿ’ ಮಾಡಿದರು. ಭಾರತದಲ್ಲೂ ಅಮೆರಿಕದಲ್ಲೂ ಅದಕ್ಕೆ ಪೇಟೆಂಟ್ ಸಿಕ್ಕಿತು. ಬೇಕಾದಾಗ ಜೋಡಣೆ ಕಳಚಿ ಮತ್ತೆ ಬೈಕ್ ಮಾಡಿಕೊಳ್ಳಬಹುದು ಎಂಬುದು ಅದರ ಹೆಚ್ಚುಗಾರಿಕೆ. ಹೊಲದ ಬೈಕಿಗೆ ಮುಚ್ಚಿದ ಶಾಫ್ಟ್ ಕೂಡಿಸುವುದು ಎಂಜಿನಿಯರಿಂಗ್ ಲೆಕ್ಕದಲ್ಲಿ ಹುಚ್ಚಲ್ಲ, ಅರ್ಥವಿರುವ ಕೆಲಸ.

ರಸ್ತೆಯ ಮಾತು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೊಸದಾಗಿ ಕಟ್ಟಿದ ಬೈಕಿಗೆ ನಂಬರ್ ಬೇಕೆಂದರೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯ ಪರೀಕ್ಷೆ ಮುಗಿಸಬೇಕು, ಅದು ಕಾರ್ಖಾನೆಗಳಿಗೆ ಎಟುಕುವ ದಾರಿ. ಅಂಗಡಿಯಲ್ಲಿ ಒಂದೇ ಒಂದು ಕಟ್ಟಿದವರ ಓಡಾಟ ಸ್ವಂತ ಹೊಲದ ಬದುವಿನೊಳಗೇ ಮುಗಿಯಬೇಕು.

ಬೈಕ್ ಕಟ್ಟದವರಿಗೂ ಇದರಲ್ಲಿ ಒಂದು ಕೆಲಸವಿದೆ. ಮುಂದಿನ ಸಲ ಪಿಟಿಓ ಶಾಫ್ಟ್‌ನ ಕ್ರಾಸ್ ಬದಲಿಸಿದಾಗ, ಕೊಳವೆಗಳನ್ನು ಒಂದರೊಳಗೊಂದು ಇಳಿಸುವ ಮುಂಚೆ ಎರಡು ತುದಿಯ ಒಳಬದಿಯ ಕಿವಿಗಳು ಒಂದೇ ಸಾಲಿಗಿವೆಯೇ ನೋಡಿ. ಮೇಲಿನ ಪ್ಲಾಸ್ಟಿಕ್ ಗಾರ್ಡ್ ಒಡೆದಿದ್ದರೆ ಹೊಸದು ಹಾಕಿಸಿ. ಸೆಕೆಂಡಿಗೆ 9 ಸುತ್ತು ತಿರುಗುವ ಶಾಫ್ಟ್‌ಗೆ ಧೋತರದ ಚುಂಗು, ಸೀರೆಯ ಸೆರಗು ಸಿಕ್ಕರೆ ಕೈ ಬಿಡಿಸಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ.